ಲೆಕ್ಕಕ್ಕೆ ವಿಂಡೋ ಗೊತ್ತಿರಬಾರದು

ವಿಂಡೋ ಇರುವ ಪ್ರೋಗ್ರಾಮನ್ನು ತುಂಡುಗಳಾಗಿ ಒಡೆಯುವುದು ಹೇಗೆ ಅಂತ ಮೈಸೂರಿನಲ್ಲಿ ಕಂಪ್ಯೂಟರ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು ಇದು. ರೆಕಾರ್ಡಿಂಗ್ ಕೇಳಿಕೊಂಡು ನಾನೇ ತಿದ್ದಿ ಬರೆದಿದ್ದೇನೆ.

ಪರದೆ ಮೇಲೆ ಒಂದು ಫೈಲು ತೆರೆದಿಟ್ಟಿದ್ದೇನೆ, ನೋಡಿ. ಹೆಸರು ಮೇನ್ ಡಾಟ್ ಪೈ. ಕೆಳಗೆ ಮೂಲೆಯಲ್ಲಿ ಸಾಲಿನ ಸಂಖ್ಯೆ ಇದೆ, ಹಿಂದೆ ಕೂತವರಿಗೆ ಕಾಣಿಸುವುದಿಲ್ಲ, ಓದಿಬಿಡುತ್ತೇನೆ: 3,412. ಬರೆದವನು ನಾನೇ. ಬೇರೆ ಯಾರಾದರೂ ಬರೆದಿದ್ದರೆ ಬೈದು ಸುಮ್ಮನಾಗಬಹುದಿತ್ತು.

ಇದು ಮಂಡ್ಯದ ಹತ್ತಿರದ ಒಂದು ಆಲೆಮನೆಗೆ ಬರೆದ ಪ್ರೋಗ್ರಾಮ್. ಆಲೆಮನೆ ಪಕ್ಕದಲ್ಲೇ ಅವರದ್ದೇ ವೇಬ್ರಿಡ್ಜ್ ಇದೆ. ಟ್ರ್ಯಾಕ್ಟರು ಕಬ್ಬು ತುಂಬಿಕೊಂಡು ಬಂದು ಅದರ ಮೇಲೆ ನಿಲ್ಲುತ್ತದೆ, ತೂಕ ಆಗುತ್ತದೆ. ಕಬ್ಬು ಇಳಿಸಿದ ಮೇಲೆ ಖಾಲಿ ಗಾಡಿ ಇನ್ನೊಂದು ಸಲ ಬಂದು ನಿಲ್ಲುತ್ತದೆ. ಎರಡರ ವ್ಯತ್ಯಾಸವೇ ಕಬ್ಬಿನ ತೂಕ. ಅದನ್ನು ಟನ್ನಿನ ದರಕ್ಕೆ ಗುಣಿಸಿ, ಮುಂಗಡ ಕೊಟ್ಟಿದ್ದರೆ ಕಳೆದು, ರೈತರ ಕೈಗೆ ಒಂದು ಚೀಟಿ ಕೊಡಬೇಕು. ಅಷ್ಟೇ ಕೆಲಸ. ಒಂದು ಸಂಜೆ ಕೂತು ಪೈಥಾನ್ ಭಾಷೆ ಮತ್ತು ಅದರ ಜೊತೆಗೇ ಬರುವ, ವಿಂಡೋ ಬಟನ್ ಎಲ್ಲ ಮಾಡಿಕೊಡುವ ಟಿಕಿಂಟರ್‌ನಲ್ಲಿ 200 ಸಾಲು ಬರೆದೆ, ಓಡಿತು, ಯಜಮಾನರು ಖುಷಿಯಾಗಿ ಒಂದು ಬಕೆಟ್ ಬೆಲ್ಲ ಕೊಟ್ಟು ಕಳಿಸಿದರು. ಅಲ್ಲಿಗೇ ನಿಂತಿದ್ದರೆ ಇವತ್ತು ಇಲ್ಲಿ ನಿಂತು ಮಾತಾಡುವ ಪ್ರಸಂಗವೇ ಇರುತ್ತಿರಲಿಲ್ಲ.

200 ಸಾಲು 3,412 ಹೇಗಾಯಿತು? ಯಾರೂ ಬೇಕು ಅಂತ ಮಾಡುವುದಿಲ್ಲ. ವಿಂಡೋ ಇರುವ ಪ್ರೋಗ್ರಾಮ್ ಬರೆಯುವಾಗ ಕೈ ತಾನಾಗಿಯೇ ಆ ಕಡೆ ಹೋಗುತ್ತದೆ. ಒಂದು ಬಟನ್ ಇಡುತ್ತೀರಿ. ಬಟನ್ ಒತ್ತಿದರೆ ಏನಾಗಬೇಕು ಅಂತ ಕೇಳುತ್ತದೆ, ಒಂದು ಫಂಕ್ಷನ್, ಅಂದರೆ ಹೆಸರಿಟ್ಟ ಒಂದು ಕೋಡಿನ ತುಂಡು, ಕೊಡುತ್ತೀರಿ. ಆ ಫಂಕ್ಷನ್ ಒಳಗೆ ಏನೇನಿತ್ತು ಹೇಳುತ್ತೇನೆ, ಕೇಳಿ. ಮೊದಲ ಸಾಲು, ಟೈಪ್ ಮಾಡುವ ಎಂಟ್ರಿ ಬಾಕ್ಸಿನಿಂದ ತುಂಬಿದ ಗಾಡಿಯ ತೂಕ ತೆಗೆದುಕೊಳ್ಳುವುದು. ಎರಡನೆಯದು, ಖಾಲಿ ಗಾಡಿಯ ತೂಕ. ಆಮೇಲೆ ಎರಡನ್ನೂ ಸಂಖ್ಯೆ ಮಾಡುವುದು, ಕಳೆಯುವುದು, ದರಕ್ಕೆ ಗುಣಿಸುವುದು. ಅದೇ ಉಸಿರಿನಲ್ಲಿ ಡೇಟಾಬೇಸಿಗೆ ಇನ್ಸರ್ಟ್. ತಪ್ಪಿದ್ದರೆ ಕೆಂಪು ಮೆಸೇಜ್ ಬಾಕ್ಸ್. ಸರಿಯಿದ್ದರೆ ಲೇಬಲ್ಲಿನ ಬಣ್ಣ ಹಸಿರು. ಕೊನೆಗೆ ಪ್ರಿಂಟರಿಗೆ ಕಳಿಸುವುದು. ಒಂದೇ ಫಂಕ್ಷನ್, 90 ಸಾಲು. ಓದಿದರೆ ಎಲ್ಲ ಅರ್ಥವಾಗುತ್ತದೆ. ಮುಟ್ಟಲು ಹೋದರೆ ಮಾತ್ರ ಭಯ.

ಭಯ ನಿಜವಾದ ದಿನ ನೆನಪಿದೆ. ಕಬ್ಬಿನ ಜೊತೆ ಗರಿ, ಮಣ್ಣು ಬರುತ್ತದೆ, ಅಲ್ವಾ? ಅದಕ್ಕೆ ಅಂತ ತೂಕದಲ್ಲಿ ನೂರಕ್ಕೆ 2 ಕಳೆಯಬೇಕು, ಗಾಡಿ ನೋಡಿ ಆಪರೇಟರ್ ಟಿಕ್ ಹಾಕಲಿ ಅಂತ ಯಜಮಾನರು ಹೇಳಿದರು. ಹತ್ತು ನಿಮಿಷದ ಕೆಲಸ ಅಂದುಕೊಂಡೆ. ಸೇವ್ ಬಟನ್ನಿನ ಫಂಕ್ಷನ್ನಿಗೆ ಒಂದು ಸಾಲು ಸೇರಿಸಿ ಬಂದುಬಿಟ್ಟೆ.

ಎರಡು ದಿನ ಕಳೆದು ಫೋನ್ ಬಂತು. ಒಂದು ಗಾಡಿಯ ಲೆಕ್ಕ: ತುಂಬಿದ ತೂಕ 14,260 ಕಿಲೋ, ಖಾಲಿ 5,480. ಕಬ್ಬು 8,780 ಕಿಲೋ. ನೂರಕ್ಕೆ 2 ಕಳೆದರೆ 8,604.4. ಟನ್ನಿಗೆ 3,000 ರೂಪಾಯಿ ದರ. ಪುಸ್ತಕದಲ್ಲಿ ದುಡ್ಡಿನ ಲೆಕ್ಕ ನೂರಕ್ಕೆ 2 ಕಳೆದ ತೂಕಕ್ಕೇ ಬಂದಿತ್ತು, ಅದು ಸರಿ. ಆದರೆ ರೈತರ ಕೈಲಿದ್ದ ಚೀಟಿಯಲ್ಲಿ 8,780 ಅಂತಲೇ ಇತ್ತು. ಯಾಕೆ ಗೊತ್ತಾ? ಪ್ರಿಂಟ್ ಬಟನ್ನಿನ ಫಂಕ್ಷನ್‌ನಲ್ಲಿ ಅದೇ ಕಳೆಯುವ ಲೆಕ್ಕವನ್ನು ನಾನು ಇನ್ನೊಂದು ಸಲ ಬರೆದಿದ್ದೆ. ತಿಂಗಳ ವರದಿಯಲ್ಲಿ ಮೂರನೇ ಸಲ. ಆ ರೈತರು ಬೆರಳಲ್ಲೇ ಲೆಕ್ಕ ಹಾಕಿ, 526 ರೂಪಾಯಿ 80 ಪೈಸೆ ಕಮ್ಮಿ ಬಂದಿದೆ ಅಂತ ಪತ್ತೆ ಹಚ್ಚಿದ್ದರು. 'ಏನಣ್ಣ ಇದು, ಚೀಟೀಲಿ ಒಂದು ತೂಕ, ದುಡ್ಡಿಗೆ ಇನ್ನೊಂದು ತೂಕ?' ಅಂತ ಹತ್ತು ಜನರ ಮುಂದೆ ಕೇಳಿದರಂತೆ. ಯಜಮಾನರ ಮರ್ಯಾದೆ ಪ್ರಶ್ನೆ ಅದು. ಕಬ್ಬಿನ ಊರಲ್ಲಿ ತೂಕದಲ್ಲಿ ಮೋಸ ಅನ್ನುವ ಮಾತು ಒಂದು ಸಲ ಹುಟ್ಟಿದರೆ ಸುಲಭಕ್ಕೆ ಸಾಯುವುದಿಲ್ಲ. ಮೋಸ ಮಾಡಿದ್ದು ಯಾರೂ ಅಲ್ಲ, ನನ್ನ ಕಾಪಿ-ಪೇಸ್ಟ್.

ಸರಿ, ಇದನ್ನು ಒಡೆಯಲೇಬೇಕು ಅಂತ ಕೂತೆ. ಮೊದಲ ಸಲ ಹೇಗೆ ಒಡೆದೆ ಅನ್ನುವುದನ್ನು ಹೇಳಬೇಕು, ಏಕೆಂದರೆ ನಿಮ್ಮಲ್ಲಿ ಮುಕ್ಕಾಲು ಜನ ಹಾಗೇ ಒಡೆಯುತ್ತೀರಿ. ವಿಂಡೋಗಳೆಲ್ಲ ಮೇನ್ ಅನ್ನುವ ಒಂದು ಫೈಲು. ಬಟನ್ನಿನ ಫಂಕ್ಷನ್ನುಗಳೆಲ್ಲ ಒಂದು ಫೈಲು. ಡೇಟಾಬೇಸಿನದ್ದೆಲ್ಲ ಒಂದು. ಮಿಕ್ಕಿದ್ದೆಲ್ಲ ಯುಟಿಲ್ಸ್. ಈ ಯುಟಿಲ್ಸ್ ಅನ್ನುವುದು ಮನೆಯ ಅಟ್ಟ ಇದ್ದ ಹಾಗೆ. ಎಲ್ಲಿಡಬೇಕು ಅಂತ ತಿಳಿಯದಿದ್ದದ್ದೆಲ್ಲ ಮೇಲೆ ಹೋಗುತ್ತದೆ, ಯಾವುದೂ ಕೆಳಗೆ ಬರುವುದಿಲ್ಲ.

ರನ್ ಮಾಡಿದೆ. ಬಂತು ಎರರ್: ಅರ್ಧ ಮಾತ್ರ ಲೋಡ್ ಆದ ಮಾಡ್ಯೂಲ್‌ನಿಂದ ಈ ಹೆಸರು ಸಿಗುತ್ತಿಲ್ಲ, ಬಹುಶಃ ಸರ್ಕ್ಯುಲರ್ ಇಂಪೋರ್ಟ್ ಇರಬೇಕು, ಅಂತ. ಪೈಥಾನ್ ಕಾರಣವನ್ನೂ ತಾನೇ ಹೇಳುತ್ತದೆ, ಪಾಪ. ಅದಕ್ಕೆ ಒಂದೊಂದು ಫೈಲೂ ಒಂದು ಮಾಡ್ಯೂಲ್, ಒಂದು ಇನ್ನೊಂದನ್ನು ಕರೆಸಿಕೊಳ್ಳುವುದು ಇಂಪೋರ್ಟ್. ಮೇನ್ ಫೈಲಿಗೆ ಫಂಕ್ಷನ್ನುಗಳ ಫೈಲು ಬೇಕು, ಬಟನ್ನಿಗೆ ಕಟ್ಟುವುದಕ್ಕೆ. ಫಂಕ್ಷನ್ನುಗಳ ಫೈಲಿಗೆ ಮೇನ್ ಬೇಕು, ಎಂಟ್ರಿ ಬಾಕ್ಸಿನಿಂದ ತೂಕ ಓದುವುದಕ್ಕೆ. ಇವನು ಬರಲಿ ಆಮೇಲೆ ಬರುತ್ತೇನೆ ಅಂತ ಅವನು, ಅವನು ಬರಲಿ ಅಂತ ಇವನು.

ಇಂಟರ್‌ನೆಟ್ಟಿನಲ್ಲಿ ಒಂದು ಮದ್ದು ಸಿಕ್ಕಿತು. ಇಂಪೋರ್ಟ್ ಸಾಲನ್ನು ಫೈಲಿನ ತಲೆಯಿಂದ ತೆಗೆದು ಫಂಕ್ಷನ್ ಒಳಗೆ ಹಾಕಿ. ಹಾಕಿದೆ. ಎರರ್ ಹೋಯಿತು! ಪ್ರೋಗ್ರಾಮ್ ತೆರೆಯಿತು. ಸೇವ್ ಬಟನ್ ಒತ್ತಿದೆ. ಇನ್ನೊಂದು ವಿಂಡೋ ತೆರೆಯಿತು, ಅದೇ ಪ್ರೋಗ್ರಾಮ್, ಅವಳಿ-ಜವಳಿ.

ಇದು ಯಾಕೆ ಆಗುತ್ತದೆ ಅನ್ನುವುದು ಸ್ವಲ್ಪ ಮಜವಾಗಿದೆ. ನೀವು ಯಾವ ಫೈಲನ್ನು ನೇರವಾಗಿ ಓಡಿಸುತ್ತೀರೋ ಅದಕ್ಕೆ ಪೈಥಾನ್ ತನ್ನದೇ ಒಂದು ಹೆಸರು ಇಡುತ್ತದೆ, ಹಿಂದೆ ಮುಂದೆ ಎರಡೆರಡು ಅಂಡರ್‌ಸ್ಕೋರ್ ಇರುವ ಮೇನ್. ಅಂಡರ್‌ಸ್ಕೋರ್ ಇಲ್ಲದ ಬರೀ ಮೇನ್ ಅನ್ನುವ ಮಾಡ್ಯೂಲ್ ಅದರ ಪಟ್ಟಿಯಲ್ಲಿ ಇರುವುದೇ ಇಲ್ಲ. ಹಾಗಾಗಿ ಇನ್ನೊಂದು ಫೈಲು ಬಂದು 'ಮೇನ್ ಕೊಡಿ' ಅಂದಾಗ, ಇದು ಹೊಸ ಗಿರಾಕಿ ಅಂದುಕೊಂಡು ಅದೇ ಫೈಲನ್ನು ಮೊದಲಿನಿಂದ ಮತ್ತೆ ಓಡಿಸುತ್ತದೆ. ಹೊಸ ವಿಂಡೋ, ಹೊಸ ಎಂಟ್ರಿ ಬಾಕ್ಸ್, ಎಲ್ಲ ಖಾಲಿ. ಆಪರೇಟರ್ ಹಳೇ ವಿಂಡೋದಲ್ಲಿ 14,260 ಅಂತ ಟೈಪ್ ಮಾಡಿರುತ್ತಾನೆ, ಲೆಕ್ಕ ಹೊಸ ವಿಂಡೋದ ಖಾಲಿ ಬಾಕ್ಸು ನೋಡುತ್ತಿರುತ್ತದೆ. ಇದಕ್ಕೂ 'ನೇರವಾಗಿ ಓಡಿಸಿದಾಗ ಮಾತ್ರ ವಿಂಡೋ ತೆರೆ' ಅನ್ನುವ ಒಂದು ಇಫ್ ಹಾಕುವ ಮದ್ದಿದೆ, ನಿಮಗೂ ಗೊತ್ತಿರುತ್ತದೆ. ಆ ಇಫ್ ಇರಲೇಬೇಕು, ಬೇಡ ಅನ್ನುವುದಿಲ್ಲ. ಆದರೆ ಅದು ಹಾಕಿದರೆ ಎರಡನೇ ವಿಂಡೋ ಬರುವುದಿಲ್ಲ ಅಷ್ಟೇ. ಲೆಕ್ಕ ಮಾಡುವ ಫೈಲು ಎಂಟ್ರಿ ಬಾಕ್ಸಿನ ಬಾಲ ಹಿಡಿದುಕೊಂಡು ಓಡಾಡುವುದು ಹಾಗೇ ಇರುತ್ತದೆ.

ನನಗೆ ದಾರಿ ತೋರಿಸಿದ್ದು 1972ರ ಒಂದು ಲೇಖನ. ಡೇವಿಡ್ ಪಾರ್ನಾಸ್ ಅನ್ನುವವರು ಬರೆದದ್ದು, ಪ್ರೋಗ್ರಾಮನ್ನು ಮಾಡ್ಯೂಲುಗಳಾಗಿ ಒಡೆಯುವಾಗ ಯಾವ ಅಳತೆಗೋಲು ಇಟ್ಟುಕೊಳ್ಳಬೇಕು ಅನ್ನುವ ಬಗ್ಗೆ. ಆಗಿನ್ನೂ ನಮ್ಮ ಮೌಸು, ವಿಂಡೋ ಯಾವುದೂ ಜನರ ಮನೆಗೆ ಬಂದಿರಲಿಲ್ಲ. ಪುಟಗಳು ಕಮ್ಮಿ, ನೀವೆಲ್ಲ ಓದಬಹುದು. ಅವರು ಒಂದು ಸಣ್ಣ ಪ್ರೋಗ್ರಾಮ್ ತೆಗೆದುಕೊಂಡು, ಸಾಲುಗಳನ್ನು ಅಕಾರಾದಿಯಾಗಿ ಜೋಡಿಸಿ ಸೂಚಿ ಮಾಡುವಂಥದ್ದು, ಅದನ್ನು ಎರಡು ರೀತಿ ಒಡೆದು ತೋರಿಸುತ್ತಾರೆ. ಒಂದು, ಕೆಲಸ ನಡೆಯುವ ಕ್ರಮದಲ್ಲಿ: ಮೊದಲು ಓದು, ಆಮೇಲೆ ತಿರುಗಿಸು, ಜೋಡಿಸು, ಮುದ್ರಿಸು. ನಾವೆಲ್ಲ ಫ್ಲೋಚಾರ್ಟ್ ಬರೆದು ಹಾಗೇ ತುಂಡು ಮಾಡುತ್ತೇವೆ. ಇನ್ನೊಂದು, ಮುಂದೆ ಯಾವುದು ಬದಲಾಗಬಹುದು ಅಂತ ಮೊದಲು ಪಟ್ಟಿ ಮಾಡಿಕೊಂಡು, ಒಂದೊಂದು ಬದಲಾವಣೆಯನ್ನು ಒಂದೊಂದು ಮಾಡ್ಯೂಲ್ ಒಳಗೆ ಬಚ್ಚಿಡುವುದು. ಎರಡೂ ಓಡುತ್ತವೆ. ಏನಾದರೂ ಬದಲಿಸಲು ಹೋದಾಗ ಮೊದಲನೆಯದರಲ್ಲಿ ಎಲ್ಲ ತುಂಡೂ ಅಲುಗುತ್ತದೆ, ಎರಡನೆಯದರಲ್ಲಿ ಒಂದೇ.

ಓದಿ ಮುಗಿಸಿ ಒಂದು ಹಾಳೆ ತೆಗೆದುಕೊಂಡು ಬರೆದೆ. ನಮ್ಮ ಆಲೆಮನೆಯಲ್ಲಿ ಏನೇನು ಬದಲಾಗಿದೆ, ಏನು ಬದಲಾಗಬಹುದು? ತೂಕದ ಇಂಡಿಕೇಟರ್ ಕೆಟ್ಟರೆ ಬೇರೆ ಕಂಪನಿಯದು ಬರುತ್ತದೆ. ದರ, ಕಳೆಯುವ ನಿಯಮ ಸೀಸನ್ನಿಗೊಂದು. ಚೀಟಿ ಇವತ್ತು ಸಣ್ಣ ಥರ್ಮಲ್ ರೋಲು, ನಾಳೆ ದೊಡ್ಡ ಹಾಳೆ ಅನ್ನಬಹುದು. ಡೇಟಾ ಇವತ್ತು ಇದೇ ಕಂಪ್ಯೂಟರಿನಲ್ಲಿ ಎಸ್‌ಕ್ಯೂಲೈಟ್ ಫೈಲು, ಮುಂದೆ ಯಜಮಾನರ ಮಗನಿಗೆ ಬೆಂಗಳೂರಿನಿಂದ ನೋಡಬೇಕು ಅನ್ನಿಸಬಹುದು. ಇನ್ನು ಸ್ಕ್ರೀನು, ಅದಂತೂ ವಾರಕ್ಕೊಂದು ಸಲ, ಈ ಬಟನ್ ದೊಡ್ಡದು ಮಾಡಿ, ಅಕ್ಷರ ಕಾಣಿಸುತ್ತಿಲ್ಲ ಅಂತ. ಐದು ವಿಷಯ. ನನ್ನ ಮೊದಲ ಒಡೆತದಲ್ಲಿ ಇವುಗಳಲ್ಲಿ ತೂಕ, ನಿಯಮ, ಚೀಟಿ, ಈ ಮೂರಕ್ಕೂ ಸ್ವಂತ ಮನೆ ಇರಲಿಲ್ಲ.

ಆಲೆಮನೆ ನೋಡಿದ್ದೀರಾ ಯಾರಾದರೂ? ಮೈಸೂರಿನವರು ಬೆಲ್ಲ ತಿನ್ನುತ್ತೀರಿ, ಆಲೆಮನೆ ನೋಡಿರುವುದಿಲ್ಲ. ಮಂಡ್ಯದಲ್ಲಿ ಸಕ್ಕರೆ ಕಂಪನಿ ಬಂದಿದ್ದು 1933ರಲ್ಲಿ, ಆಲೆಮನೆ ಅದಕ್ಕೂ ಹಿಂದಿನದು. ಒಂದು ಕಡೆ ಗಾಣ, ಅಲ್ಲಿಂದ ಕಬ್ಬಿನ ಹಾಲು ಹರಿದು ಬರುತ್ತದೆ, ಇನ್ನೊಂದು ಕಡೆ ಕೊಪ್ಪರಿಗೆ. ಕೊಪ್ಪರಿಗೆ ಮುಂದೆ ನಿಂತವನಿಗೆ ಹಾಲು ಬಂದರೆ ಸಾಕು. ಅದು ಯಾರ ಗದ್ದೆಯ ಕಬ್ಬು, ಗಾಣಕ್ಕೆ ಹಿಂದೆ ಎತ್ತು ಕಟ್ಟುತ್ತಿದ್ದರು ಈಗ ಮೋಟಾರು ಇದೆ, ಇದ್ಯಾವುದೂ ಅವನ ಪಾಕಕ್ಕೆ ಬೇಕಿಲ್ಲ. ಎತ್ತು ಹೋಗಿ ಮೋಟಾರು ಬಂದಾಗ ಕೊಪ್ಪರಿಗೆ ಬದಲಾಗಲಿಲ್ಲ. ಈ ಹೋಲಿಕೆ ಇಲ್ಲಿಗೆ ಸಾಕು. ಜಾಸ್ತಿ ಎಳೆದರೆ ಪಾಕ ಕೆಡುತ್ತದೆ.

ಎರಡನೇ ಸಲ ಒಡೆಯಲು ಶುರು ಮಾಡಿದ್ದು ಲೆಕ್ಕದಿಂದ. ಲೆಕ್ಕ ಅನ್ನುವ ಫೈಲಿನಲ್ಲಿ ಒಂದು ಫಂಕ್ಷನ್. ಅದಕ್ಕೆ ತುಂಬಿದ ತೂಕ, ಖಾಲಿ ತೂಕ, ಶೇಕಡಾ ಎಷ್ಟು ಕಳೆಯಬೇಕು, ದರ, ಮುಂಗಡ, ಇಷ್ಟು ಕೊಡುತ್ತೀರಿ. ಅದು ನಿವ್ವಳ ತೂಕ ಮತ್ತು ಕೊಡಬೇಕಾದ ದುಡ್ಡು ವಾಪಸ್ ಕೊಡುತ್ತದೆ. ಆ ಫೈಲಿನ ತಲೆಯಲ್ಲಿ ಟಿಕಿಂಟರ್ ಇಲ್ಲ. ಎಂಟ್ರಿ ಬಾಕ್ಸ್ ಅನ್ನುವ ಪದಾರ್ಥ ಪ್ರಪಂಚದಲ್ಲಿದೆ ಅಂತಲೇ ಅದಕ್ಕೆ ಗೊತ್ತಿಲ್ಲ. ಸೇವ್ ಬಟನ್ನು, ಪ್ರಿಂಟ್ ಬಟನ್ನು, ತಿಂಗಳ ವರದಿ, ಮೂರೂ ಇದೇ ಒಂದನ್ನು ಕರೆಯುತ್ತವೆ. ಇನ್ನು ಮೇಲೆ ಚೀಟಿಯಲ್ಲಿ ಒಂದು, ಪುಸ್ತಕದಲ್ಲಿ ಒಂದು ಬರಬೇಕು ಅಂದರೂ ಬರುವುದಿಲ್ಲ.

ಪರೀಕ್ಷೆ ಮಾಡುವುದು ಎಷ್ಟು ಸುಲಭವಾಯಿತು ನೋಡಿ. ಮೊದಲು ಏನು ಮಾಡುತ್ತಿದ್ದೆ? ಪ್ರೋಗ್ರಾಮ್ ತೆರೆದು, ಪಾಸ್‌ವರ್ಡ್ ಹಾಕಿ, ರೈತರ ಹೆಸರು ಆರಿಸಿ, ತೂಕ ಟೈಪ್ ಮಾಡಿ, ಬಟನ್ ಒತ್ತಿ, ಕಣ್ಣಲ್ಲಿ ನೋಡುವುದು. ಒಂದೊಂದು ಸಲಕ್ಕೆ ಒಂದು ನಿಮಿಷ. ಈಗ ಆ 526 ರೂಪಾಯಿ ಗಾಡಿಯ ಲೆಕ್ಕವನ್ನೇ ಒಂದು ಟೆಸ್ಟ್ ಮಾಡಿ ಇಟ್ಟಿದ್ದೇನೆ: 14,260, 5,480, ಶೇಕಡಾ 2, 3,000 ಕೊಟ್ಟರೆ 25,813 ರೂಪಾಯಿ 20 ಪೈಸೆ ಬರಬೇಕು. ವಿಂಡೋ ತೆರೆಯದೆ, ಕಣ್ಣು ಮಿಟುಕಿಸುವುದರೊಳಗೆ ಗೊತ್ತಾಗುತ್ತದೆ. ದುಡ್ಡಿಗೆ ಫ್ಲೋಟ್ ಬಳಸಬೇಡಿ, ಅದು ದಶಮಾಂಶಗಳನ್ನು ಅಂದಾಜಿನಲ್ಲಿ ಇಡುತ್ತದೆ; ಡೆಸಿಮಲ್ ಬಳಸಿ. 0.1ಕ್ಕೆ 0.2 ಕೂಡಿಸಿದರೆ ಪೈಥಾನ್ ಏನು ಹೇಳುತ್ತದೆ ಅಂತ ಮನೆಗೆ ಹೋಗಿ ನೋಡಿ.

ಒಂದು ತೊಡಕು ಬಂತು. ಖಾಲಿ ಗಾಡಿಯ ತೂಕ ತುಂಬಿದ್ದಕ್ಕಿಂತ ಜಾಸ್ತಿ ಬಂದರೆ? ಆಪರೇಟರ್ ಎರಡನ್ನೂ ಅದಲುಬದಲು ಮಾಡಿ ಹಾಕಿರುತ್ತಾನೆ. ಹಳೇ ಕೋಡಿನಲ್ಲಿ ಲೆಕ್ಕದ ಮಧ್ಯದಲ್ಲೇ ಮೆಸೇಜ್ ಬಾಕ್ಸ್ ತೆರೆಯುತ್ತಿತ್ತು. ಅದರಲ್ಲೇನು ತಪ್ಪು ಅನ್ನಿಸಬಹುದು. ತಪ್ಪು ನನಗೆ ಗೊತ್ತಾಗಿದ್ದು ಒಂದು ಬೆಳಿಗ್ಗೆ. ರಾತ್ರಿ 11ಕ್ಕೆ ದಿನದ ವರದಿ ತಾನಾಗಿ ಸಿದ್ಧವಾಗಲಿ ಅಂತ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲಿ ಹಾಕಿದ್ದೆ. ಬೆಳಿಗ್ಗೆ ನೋಡಿದರೆ ವರದಿ ಇಲ್ಲ. ಒಂದು ಗಾಡಿಯ ತೂಕ ತಿರುಗುಮುರುಗಾಗಿತ್ತು, ಲೆಕ್ಕ ಮೆಸೇಜ್ ಬಾಕ್ಸ್ ತೆರೆದು, ಯಾರಾದರೂ ಓಕೆ ಒತ್ತಲಿ ಅಂತ ಖಾಲಿ ಆಫೀಸಿನಲ್ಲಿ ರಾತ್ರಿಯೆಲ್ಲ ಕಾದು ಕೂತಿತ್ತು. ಈಗ ಲೆಕ್ಕ ಬರೀ ಒಂದು ಎಕ್ಸೆಪ್ಷನ್, ಅಂದರೆ 'ಇಲ್ಲಿ ತಪ್ಪಾಗಿದೆ' ಅನ್ನುವ ಸೂಚನೆ, ಎಸೆಯುತ್ತದೆ. ಹಿಡಿಯುವವರು ಹಿಡಿದುಕೊಳ್ಳಲಿ. ವಿಂಡೋ ಹಿಡಿದರೆ ಮೆಸೇಜ್ ಬಾಕ್ಸ್ ತೋರಿಸುತ್ತದೆ, ರಾತ್ರಿಯ ವರದಿ ಹಿಡಿದರೆ ಆ ಗಾಡಿಯ ನಂಬರನ್ನು ಒಂದು ಫೈಲಿಗೆ ಬರೆದು ಮುಂದೆ ಹೋಗುತ್ತದೆ.

ಇಲ್ಲಿ ಒಬ್ಬರು, ಲೆಕ್ಕವನ್ನೂ ವಿಂಡೋವನ್ನೂ ಬೇರೆ ಬೇರೆ ಇಡುವ ವಿಧಾನವಾದ ಎಮ್‌ವಿಸಿ ಬಗ್ಗೆ ಕೇಳಿದರು. ಹೌದು, ಅದೇ ಮೂಲ. ಟ್ರಿಗ್ವೆ ರೀನ್‌ಸ್ಕೌಗ್ ಅನ್ನುವ ನಾರ್ವೆಯವರು ಝೆರಾಕ್ಸ್‌ನ ಪಾರ್ಕ್ ಲ್ಯಾಬಿಗೆ ಹೋಗಿದ್ದಾಗ 1979ರ ಸುಮಾರಿಗೆ ಬರೆದಿಟ್ಟ ಕಲ್ಪನೆ ಅದು: ಮಾಡೆಲ್, ವ್ಯೂ, ಕಂಟ್ರೋಲರ್. ಆಮೇಲೆ ಕಂಟ್ರೋಲರ್ ಬದಲು ಪ್ರೆಸೆಂಟರ್ ಇರುವ ಎಮ್‌ವಿಪಿ ಬಂತು, ಎಮ್‌ವಿವಿಎಮ್ ಬಂತು. ಇಂಟರ್‌ವ್ಯೂನಲ್ಲಿ ಕೇಳುತ್ತಾರೆ, ಓದಿಕೊಳ್ಳಿ. ಆದರೆ ಹಾಸ್ಟೆಲ್ಲಿನಲ್ಲಿ ಕೂತು ಇದು ಕಂಟ್ರೋಲರ್ರಾ ಪ್ರೆಸೆಂಟರ್ರಾ ಅಂತ ಜಗಳ ಆಡುವುದು ದಂಡ. ನನ್ನ ಹತ್ತಿರ ಇರುವ ಪರೀಕ್ಷೆ ಒಂದೇ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಫೈಂಡ್‌ಸ್ಟರ್ ಅಂತ ಒಂದು ಕಮಾಂಡ್ ಇದೆ, ಎಲ್ಲ ಫೈಲುಗಳಲ್ಲಿ ಒಂದು ಪದ ಹುಡುಕುತ್ತದೆ. ಟಿಕಿಂಟರ್ ಅಂತ ಹುಡುಕಿ. ವಿಂಡೋ ಫೋಲ್ಡರ್ ಬಿಟ್ಟು ಬೇರೆ ಕಡೆ ಸಿಕ್ಕಿದರೆ ಅಲ್ಲಿ ಗೋಡೆ ಸೋರುತ್ತಿದೆ ಅಂತ. ವಿಂಡೋಗೆ ಲೆಕ್ಕ ಗೊತ್ತಿರಲಿ, ತೊಂದರೆಯಿಲ್ಲ. ಲೆಕ್ಕಕ್ಕೆ ವಿಂಡೋ ಗೊತ್ತಿರಬಾರದು.

ಈಗ ತೂಕದ ವಿಷಯಕ್ಕೆ ಬರುತ್ತೇನೆ, ಇದರಲ್ಲಿ ನಾನು ಜಾಸ್ತಿ ಒದ್ದಾಡಿದ್ದೇನೆ. ವೇಬ್ರಿಡ್ಜ್ ಪಕ್ಕದ ರೂಮಿನಲ್ಲಿ ಒಂದು ಇಂಡಿಕೇಟರ್ ಇರುತ್ತದೆ, ಕೆಂಪು ಅಂಕಿಗಳು ಓಡುವ ಡಬ್ಬಿ. ಅದರ ಹಿಂದಿನಿಂದ ಸೀರಿಯಲ್ ಕೇಬಲ್ ಕಂಪ್ಯೂಟರಿಗೆ ಬರುತ್ತದೆ. ನಮ್ಮದು 9,600 ಬಾಡ್ ವೇಗದಲ್ಲಿ ಸುಮ್ನೆ ತೂಕ ಕಳಿಸುತ್ತಾ ಇರುತ್ತದೆ, ಕೇಳಿದರೂ ಕೇಳದಿದ್ದರೂ. ಪೈಸೀರಿಯಲ್ ಅನ್ನುವ ಲೈಬ್ರರಿಯಲ್ಲಿ ಒಂದು ಸಾಲು ಓದು ಅಂದರೆ ಓದಿಕೊಡುತ್ತದೆ. 'ತೂಕ ತಗೋ' ಬಟನ್ನಿನ ಫಂಕ್ಷನ್ ಒಳಗೆ ಅದನ್ನು ಹಾಕಿದ್ದೆ. ಕೇಬಲ್ ಸರಿಯಿದ್ದಾಗ ಸರಿ. ಒಂದು ದಿನ ಕೇಬಲ್ ಸಡಿಲವಾಗಿತ್ತು, ಬಟನ್ ಒತ್ತಿದರು, ವಿಂಡೋ ಬೆಳ್ಳಗಾಯಿತು, ಮೇಲೆ 'ನಾಟ್ ರೆಸ್ಪಾಂಡಿಂಗ್' ಅಂತ ಬಂತು. ಹೊರಗೆ ಟ್ರ್ಯಾಕ್ಟರುಗಳ ಸಾಲು, ಹಾರನ್ನು.

ಏನಾಗುತ್ತದೆ ಅಂದರೆ, ವಿಂಡೋ ಇರುವ ಎಲ್ಲ ಪ್ರೋಗ್ರಾಮಿನಲ್ಲೂ ಒಂದು ಲೂಪ್ ಸುತ್ತುತ್ತಿರುತ್ತದೆ. ಟಿಕಿಂಟರ್‌ನಲ್ಲಿ ಮೇನ್‌ಲೂಪ್ ಅಂತೀವಲ್ಲ, ಅದು. ಮೌಸ್ ಅಲುಗಿತು, ಕೀ ಒತ್ತಿದರು, ವಿಂಡೋ ಮತ್ತೆ ಬಿಡಿಸಬೇಕು, ಹೀಗೆ ಒಂದೊಂದೇ ಘಟನೆ ಎತ್ತಿಕೊಂಡು ಮುಗಿಸುತ್ತದೆ. ನಿಮ್ಮ ಬಟನ್ನಿನ ಫಂಕ್ಷನ್ ಕೂಡ ಅದೇ ಸಾಲಿನಲ್ಲಿ ಒಬ್ಬ. ಅವನು ಕೇಬಲ್ಲಿನಿಂದ ತೂಕ ಬರಲಿ ಅಂತ ಕೌಂಟರಿನಲ್ಲೇ ನಿಂತುಬಿಟ್ಟರೆ ಹಿಂದಿನವರೆಲ್ಲ ನಿಲ್ಲಬೇಕು. 5 ಸೆಕೆಂಡ್ ಹೀಗೆ ಉತ್ತರವೇ ಇಲ್ಲದಿದ್ದರೆ ವಿಂಡೋಸ್ ಆ ಪ್ರೋಗ್ರಾಮಿನ ಆಸೆ ಬಿಡುತ್ತದೆ.

ತೂಕ ಓದುವುದನ್ನು ಬೇರೆ ಥ್ರೆಡ್ಡಿಗೆ, ಅಂದರೆ ಅದೇ ಪ್ರೋಗ್ರಾಮಿನೊಳಗೆ ಪಕ್ಕದಲ್ಲೇ ಓಡುವ ಇನ್ನೊಂದು ಎಳೆಗೆ, ಹಾಕಬೇಕು. ಹಾಕಿದೆ. ಆ ಥ್ರೆಡ್ಡಿನಿಂದಲೇ ನೇರವಾಗಿ ಲೇಬಲ್ಲಿಗೆ ತೂಕ ಬರೆದೆ. ಅದೂ ತಪ್ಪು. ವಿಂಡೋದ ಸಾಮಾನುಗಳನ್ನು ಮುಟ್ಟುವ ಹಕ್ಕು ಮೇನ್‌ಲೂಪ್ ಇರುವ ಥ್ರೆಡ್ಡಿಗೆ ಮಾತ್ರ. ಬೇರೆಯವರು ಮುಟ್ಟಿದರೆ ಕೆಲವು ಸಲ ನಡೆಯುತ್ತದೆ, ಕೆಲವು ಸಲ ಸಾಯುತ್ತದೆ, ಯಾವಾಗ ಅಂತ ಹೇಳುವ ಹಾಗಿಲ್ಲ. ನನ್ನ ಪ್ರೋಗ್ರಾಮ್ ದಿನಕ್ಕೊಂದು ಸಲ ಸಾಯುತ್ತಿತ್ತು, ಅದೂ ಮಧ್ಯಾಹ್ನ ಗಾಡಿ ಜಾಸ್ತಿ ಇದ್ದಾಗಲೇ. ಈಗ ಹೇಗಿದೆ ಅಂದರೆ, ತೂಕ ಅನ್ನುವ ಮಾಡ್ಯೂಲ್ ತನ್ನ ಥ್ರೆಡ್ಡಿನಲ್ಲಿ ಓದಿ ಓದಿ ಒಂದು ಕ್ಯೂಗೆ ಹಾಕುತ್ತಾ ಇರುತ್ತದೆ. ವಿಂಡೋ 100 ಮಿಲಿಸೆಕೆಂಡಿಗೆ ಒಂದು ಸಲ ಬಂದು ಕ್ಯೂನಲ್ಲಿ ಏನಾದರೂ ಇದೆಯಾ ನೋಡಿ, ಇದ್ದರೆ ತಾನೇ ಲೇಬಲ್ಲಿಗೆ ಬರೆದುಕೊಳ್ಳುತ್ತದೆ. ಟಿಕಿಂಟರ್‌ನ ಆಫ್ಟರ್ ಅನ್ನುವ ಫಂಕ್ಷನ್ ಇರುವುದು ಇಂಥದ್ದಕ್ಕೇ. ನೀವು ಟಿಕಿಂಟರ್ ಬದಲು ಕ್ಯೂಟಿ ಅನ್ನುವ ಲೈಬ್ರರಿ ಬಳಸುವವರಾದರೆ ಸುದ್ದಿ ಮುಟ್ಟಿಸಲು ಸಿಗ್ನಲ್, ಸ್ಲಾಟ್ ಇವೆ, ಇನ್ನೂ ಅಚ್ಚುಕಟ್ಟು.

ಇದರಿಂದ ನಾನು ಎಣಿಸದೇ ಇದ್ದ ಒಂದು ಲಾಭ ಸಿಕ್ಕಿತು. ತೂಕದ ಮಾಡ್ಯೂಲಿಗೆ ವಿಂಡೋ ಗೊತ್ತಿಲ್ಲ, ವಿಂಡೋಗೆ ಕ್ಯೂ ಬಿಟ್ಟರೆ ಬೇರೇನೂ ಗೊತ್ತಿಲ್ಲ. ಹಾಗಾದರೆ ಕ್ಯೂಗೆ ಯಾರು ಬೇಕಾದರೂ ತೂಕ ಹಾಕಬಹುದು, ಅಲ್ವಾ? 'ಸುಳ್ಳುತೂಕ' ಅಂತ 20 ಸಾಲಿನ ಇನ್ನೊಂದು ಫೈಲು ಬರೆದೆ. ಅದು ಅಂದಾಜಿನಲ್ಲಿ 4 ಟನ್ನಿನಿಂದ 16 ಟನ್ನಿನವರೆಗೆ ಏನೋ ಒಂದು ತೂಕ ಹಾಕುತ್ತಾ ಇರುತ್ತದೆ, ನಡುನಡುವೆ ಬೇಕಂತಲೇ ಕಸ ಅಕ್ಷರ ಕಳಿಸುತ್ತದೆ, ಕೆಲವು ಸಲ ಹತ್ತು ಸೆಕೆಂಡ್ ಸುಮ್ಮನಾಗುತ್ತದೆ, ಸಡಿಲವಾದ ಕೇಬಲ್ಲಿನ ಹಾಗೆ. ಅದಕ್ಕೆ ಮೊದಲು ಪ್ರತಿ ಸಣ್ಣ ಬದಲಾವಣೆಗೂ ಮೈಸೂರಿನಿಂದ ಬಸ್ಸು ಹಿಡಿದು ಹೋಗಿ, ಟ್ರ್ಯಾಕ್ಟರ್ ಬರುವುದನ್ನು ಕಾಯಬೇಕಿತ್ತು. ಈಗ ನನ್ನ ರೂಮಿನಲ್ಲೇ ಕಬ್ಬಿನ ಗಾಡಿಗಳು ಬರುತ್ತವೆ.

ಆಮೇಲೆ ಇಂಡಿಕೇಟರ್ ನಿಜವಾಗಲೂ ಸುಟ್ಟಿತು. ಹೊಸದು ಬಂತು. ಅದು ಅಂಕಿಗಳನ್ನು ಹಿಂದಿನಿಂದ ಮುಂದಕ್ಕೆ ಕಳಿಸುತ್ತಿತ್ತು! 014260 ಅಂತ ಬರಬೇಕಾದದ್ದು 062410 ಅಂತ ಬರುತ್ತಿತ್ತು. 62 ಟನ್ನಿನ ಟ್ರ್ಯಾಕ್ಟರು ನೋಡಿ ಆಪರೇಟರ್ ಹೆದರಿಬಿಟ್ಟ. ತೂಕದ ಮಾಡ್ಯೂಲ್‌ನಲ್ಲಿ ಒಂದು ಸಾಲು, ಬಂದದ್ದನ್ನು ತಿರುಗಿಸು. ಬೇರೆ ಯಾವ ಫೈಲೂ ತೆರೆಯಲಿಲ್ಲ. ಪಾರ್ನಾಸ್ ಹೇಳಿದ್ದು ಇದೇ ಅಂತ ಅವತ್ತು ಅನ್ನಿಸಿತು.

ವಿಂಡೋ ಕಡೆಯ ಕೋಡನ್ನೂ ಒಡೆಯಬೇಕು, ಅದರ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಒಂದು ಸ್ಕ್ರೀನಿಗೆ ಒಂದು ಕ್ಲಾಸ್, ಅದಕ್ಕೊಂದು ಫೈಲು. ಒಂದು ಸ್ಕ್ರೀನ್ ಇನ್ನೊಂದರ ಒಳಗೆ ಕೈ ಹಾಕಬಾರದು. ಸೆಟ್ಟಿಂಗ್ಸ್‌ನಲ್ಲಿ ದರ ಬದಲಿಸಿದರೆ ಮುಖ್ಯ ಸ್ಕ್ರೀನಿನಲ್ಲೂ ದರ ಬದಲಾಗಬೇಕಿತ್ತು. ಸೆಟ್ಟಿಂಗ್ಸ್ ಕೋಡಿನಲ್ಲಿ ನಾನು ಬರೆದಿದ್ದು, ಮುಖ್ಯ ಸ್ಕ್ರೀನಿನ ಎಡಗಡೆ ಫ್ರೇಮಿನ ಮೂರನೇ ಲೇಬಲ್ಲನ್ನು ಬದಲಿಸು ಅಂತ. ಪಕ್ಕದ ಮನೆಯ ಅಡುಗೆಮನೆಗೆ ನೇರ ನುಗ್ಗಿ ಮೂರನೇ ಡಬ್ಬಿಯಿಂದ ಉಪ್ಪು ತೆಗೆದುಕೊಂಡ ಹಾಗೆ. ಅವರು ಡಬ್ಬಿಗಳ ಜಾಗ ಬದಲಿಸಿದ ದಿನ ಸಾರಿಗೆ ಸಕ್ಕರೆ ಬೀಳುತ್ತದೆ. ಈಗ ಸೆಟ್ಟಿಂಗ್ಸ್ ತೆರೆಯುವಾಗಲೇ 'ದರ ಬದಲಾದರೆ ಇದನ್ನು ಕರಿ' ಅಂತ ಒಂದು ಫಂಕ್ಷನ್ ಕೊಟ್ಟು ಕಳಿಸುತ್ತೇನೆ. ಬಾಗಿಲಲ್ಲಿ ನಿಂತು ಕೂಗಿದರೆ ಆಯಿತು, ಒಳಗಿನವರು ನೋಡಿಕೊಳ್ಳುತ್ತಾರೆ. ಕ್ಯೂಟಿ ಡಿಸೈನರ್‌ನಲ್ಲಿ ಸ್ಕ್ರೀನ್ ಬಿಡಿಸಿ ಅದರಿಂದ ಪೈಥಾನ್ ಫೈಲು ಮಾಡಿಸಿಕೊಳ್ಳುವವರು ಆ ಫೈಲಿನಲ್ಲಿ ಕೈಯಿಂದ ಒಂದಕ್ಷರ ಬರೆಯಬೇಡಿ. ಮುಂದಿನ ಸಲ ಮಾಡಿಸಿದಾಗ ನೀವು ಬರೆದದ್ದೆಲ್ಲ ಅಳಿಸಿಹೋಗುತ್ತದೆ. ಅದರ ಪಕ್ಕದಲ್ಲಿ ನಿಮ್ಮದೇ ಇನ್ನೊಂದು ಕ್ಲಾಸ್ ಇಟ್ಟುಕೊಳ್ಳಿ.

ಇನ್ನೊಂದು ಪುಟ್ಟ ಮಾಡ್ಯೂಲ್ ಬಗ್ಗೆ ಹೇಳದೆ ಹೋದರೆ ನಿಮಗೆ ಅನ್ಯಾಯ ಮಾಡಿದ ಹಾಗೆ. ಹೆಸರು ದಾರಿ. ಡೇಟಾಬೇಸ್ ಎಲ್ಲಿದೆ, ಐಕಾನ್ ಎಲ್ಲಿದೆ ಅನ್ನುವುದನ್ನು ಅದೊಂದೇ ಹೇಳಬೇಕು. ಆಲೆಮನೆಯ ಕಂಪ್ಯೂಟರಿನಲ್ಲಿ ಪೈಥಾನ್ ಇರುವುದಿಲ್ಲ, ಪೈಇನ್‌ಸ್ಟಾಲರ್‌ನಿಂದ ಒಂದೇ ಎಕ್ಸ್ಇ ಫೈಲು ಮಾಡಿ ಕೊಟ್ಟಿದ್ದೆ. ಡೇಟಾಬೇಸ್ ಎಲ್ಲಿ ಅಂದರೆ, ಕೋಡ್ ಇರುವ ಫೋಲ್ಡರಿನಲ್ಲೇ. ನನ್ನ ಲ್ಯಾಪ್‌ಟಾಪಿನಲ್ಲಿ ಸರಿಯಾಗೇ ಇತ್ತು. ಒಂದೇ ಎಕ್ಸ್ಇ ಮಾಡಿದಾಗ ಅದು ಓಡುವಾಗೆಲ್ಲ ತನ್ನ ಸಾಮಾನನ್ನು ಒಂದು ತಾತ್ಕಾಲಿಕ ಫೋಲ್ಡರಿಗೆ ಬಿಚ್ಚಿಕೊಳ್ಳುತ್ತದೆ, ಮುಚ್ಚುವಾಗ ಆ ಫೋಲ್ಡರನ್ನೇ ಅಳಿಸಿಬಿಡುತ್ತದೆ. ಮೊದಲ ದಿನ 40 ಗಾಡಿ ತೂಗಿದರು, ಸಂಜೆ ಮುಚ್ಚಿ ಮನೆಗೆ ಹೋದರು, ಮಾರನೇ ಬೆಳಿಗ್ಗೆ ತೆರೆದರೆ ಎಲ್ಲ ಸ್ವಚ್ಛ. ಪುಣ್ಯಕ್ಕೆ ಯಜಮಾನರು ಕಂಪ್ಯೂಟರನ್ನು ನಂಬದೆ ಪುಸ್ತಕದಲ್ಲೂ ಬರೆದಿಟ್ಟಿದ್ದರು. ಎರಡು ದಿನ ಕೂತು ನಾನೇ ಟೈಪ್ ಮಾಡಿದೆ. ಸರಿ ಮಾಡಲು ಹೋದರೆ ಡೇಟಾಬೇಸಿನ ದಾರಿ ಏಳು ಫೈಲುಗಳಲ್ಲಿ ಇತ್ತು. ಈಗ ದಾರಿ ಮಾಡ್ಯೂಲಿನಲ್ಲಿ ಮಾತ್ರ ಇದೆ, ಡೇಟಾ ಇರುವುದು ವಿಂಡೋಸ್ ಬಳಕೆದಾರರ ಆಪ್‌ಡೇಟಾ ಫೋಲ್ಡರಿನಲ್ಲಿ.

ಒಡೆಯುವುದರ ಹುಚ್ಚೂ ಹಿಡಿಯುತ್ತದೆ, ಹುಷಾರು. ಒಂದು ಹಂತದಲ್ಲಿ ನನ್ನ ಹತ್ತಿರ 41 ಫೈಲುಗಳಿದ್ದವು, ಕೆಲವುದರಲ್ಲಿ ಒಂದೇ ಫಂಕ್ಷನ್. ಒಂದು ಚೀಟಿ ಹೇಗೆ ಮುದ್ರಣವಾಗುತ್ತದೆ ಅಂತ ನೋಡಲು ಒಂಬತ್ತು ಫೈಲು ತೆರೆಯಬೇಕಿತ್ತು. ಮತ್ತೆ ಕೂಡಿಸಿದೆ. ಈಗ 14 ಇವೆ. ಮುದ್ರಣದ್ದು 600 ಸಾಲು ಇದೆ, ಇರಲಿ ಬಿಡಿ, ಅದು ಮಾಡುವುದು ಒಂದೇ ಕೆಲಸ.

ಕೊನೆಗೆ ಒಬ್ಬ ಹುಡುಗಿ ಕೇಳಿದ ಪ್ರಶ್ನೆ. 'ಸರ್, ನಮ್ಮ ಪ್ರಾಜೆಕ್ಟ್ 300 ಸಾಲು ಅಷ್ಟೇ, ಮುಂದಿನ ವಾರ ಕೊಡಬೇಕು, ಈಗಲೇ ಎಲ್ಲ ಒಡೀಬೇಕಾ?' ಬೇಡಮ್ಮ. ಫೋಲ್ಡರ್ ಗೀಲ್ಡರ್ ಏನೂ ಬೇಡ. ಆ 300 ಸಾಲಿನಲ್ಲಿ ಲೆಕ್ಕ ಮಾಡುವ ಜಾಗ ಎಲ್ಲಿದೆ ನೋಡಿ, ಅದನ್ನು ಒಂದು ಫಂಕ್ಷನ್ ಮಾಡಿ, ಅದಕ್ಕೆ ಎಂಟ್ರಿ ಬಾಕ್ಸ್ ಕೊಡಬೇಡಿ, ಸಂಖ್ಯೆ ಕೊಡಿ. ಮೊದಲು ಗಿಟ್‌ನಲ್ಲಿ ಒಂದು ಕಮಿಟ್ ಮಾಡಿಕೊಂಡು ಶುರು ಮಾಡಿ, ಕೆಟ್ಟರೆ ಹಿಂದಕ್ಕೆ ಬರಬಹುದು. ಆಮೇಲೆ ರನ್ ಮಾಡಿ ನೋಡಿ, ಇನ್ನೊಂದು ಕಮಿಟ್. ಇವತ್ತು ರಾತ್ರಿಗೆ ಅಷ್ಟು ಸಾಕು. ನಾನು 3,412 ಸಾಲನ್ನು ಒಡೆದಿದ್ದೂ ಹಾಗೇ, ಸೀಸನ್ ನಡೆಯುತ್ತಿರುವಾಗಲೇ, ವಾರಕ್ಕೊಂದು ತುಂಡು.

ಅದೇ ಹುಡುಗಿಯ ಪಕ್ಕದಲ್ಲಿ ಕೂತಿದ್ದವನು ಬಿಡಲಿಲ್ಲ. ಆ ಫೈಂಡ್‌ಸ್ಟರ್ ಕಮಾಂಡನ್ನು ಇಲ್ಲೇ ಓಡಿಸಿ ತೋರಿಸಿ ಅಂದ. ಓಡಿಸಿದೆ. ವಿಂಡೋ ಫೋಲ್ಡರಿನ ಫೈಲುಗಳು ಸಾಲಾಗಿ ಬಂದವು, ಕೊನೆಯಲ್ಲಿ ಒಂದು ಸಾಲು ಜಾಸ್ತಿ ಬಂತು: ಮುದ್ರಣ, 212ನೇ ಸಾಲು. ಪ್ರಿಂಟರಿನಲ್ಲಿ ಪೇಪರ್ ಮುಗಿದರೆ ಮೆಸೇಜ್ ಬಾಕ್ಸ್ ತೋರಿಸುತ್ತೇನೆ ಅಂತ ಹಿಂದೆ ಯಾವಾಗಲೋ ಹಾಕಿದ್ದು, ಮರೆತೇ ಹೋಗಿತ್ತು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮಂಡ್ಯಕ್ಕೆ ಹೋಗುವ ರೈಲಿನಲ್ಲಿ ಅದನ್ನು ತೆಗೆದೆ.